ಊರಿನ ಹದವರಿತು ಕಲಿಸುವ ಕಾಯಕ

ಮಣ್ಣಿನ ಹದ ನೋಡದೆ ಬಿತ್ತುವವನನ್ನು ನಮ್ಮ ಹಿರಿಯರು ಒಕ್ಕಲಿಗನೆಂದು ಒಪ್ಪುತ್ತಿರಲಿಲ್ಲ. ಆದರೆ ಜನರನ್ನು ಕೆಲಸಕ್ಕೆ ಸೇರಿಸಿಕೊಂಡು ಪಳಗಿಸುವ ಇಂದಿನ ಕಂಪನಿಗಳು ಬಹುಮಟ್ಟಿಗೆ ಹಾಗೆಯೇ ಬಿತ್ತುತ್ತಿವೆ. ಬೆಂಗಳೂರಿನ ಕಚೇರಿಯಲ್ಲಿ ಸಿದ್ಧವಾದ ತರಬೇತಿಯನ್ನೇ ಮಲೆನಾಡಿನ ಹುಡುಗನಿಗೂ ಬಯಲುಸೀಮೆಯ ಹುಡುಗಿಗೂ ಒಂದೇ ಅಳತೆಯಲ್ಲಿ ಉಣಿಸುತ್ತವೆ.

ಈ ಮಾತನ್ನು ಈಗ ಆಡಲು ಕಾರಣವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದ ಮೇಲೆ, ತುಮರಿ ಸೀಮೆಯವರು ಸಾಗರದ ಪೇಟೆಗೆ ಬರಲು ಲಾಂಚನ್ನೇ ನಂಬಿದ್ದರು. ನಾಡಿಗೆ ಬೆಳಕಾಗಲೆಂದು ಮನೆ, ಗದ್ದೆ, ತೋಟ ನೀರಿಗೆ ಬಿಟ್ಟವರು ಅವರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸಿಗಂದೂರಿನ ಯಾತ್ರಿಕರ ಹಿಂದೆಯೇ ವಸತಿಗೃಹ, ಹೋಟೆಲು, ಅಂಗಡಿಗಳು ಬರುವುದು ಸಹಜ. ಅಲ್ಲಿ ಕಸಗುಡಿಸುವುದು ಊರಿನವರಿಗೆ, ಲೆಕ್ಕ ಬರೆಯುವುದು ಹೊರಗಿನವರಿಗೆ ಎಂದಾದರೆ ಅರುವತ್ತು ವರ್ಷ ಕಾದದ್ದಕ್ಕೆ ಏನು ಸಿಕ್ಕಂತಾಯಿತು? ಕಸಗುಡಿಸುವುದು ಕೀಳೆಂದು ನಾವು ಹೇಳುತ್ತಿಲ್ಲ. ಇದೇ ಜಿಲ್ಲೆಯ ಹಿರೇಜಂಬೂರಿನ ಶರಣೆ ಸತ್ಯಕ್ಕನದು ಅಂಗಳ ಗುಡಿಸುವ ಕಾಯಕವೇ. ಆದರೆ ಅದು ಆಕೆ ತಾನಾಗಿ ಹಿಡಿದ ಕಾಯಕ, ಬೇರೆ ಬಾಗಿಲು ಮುಚ್ಚಿದ್ದರಿಂದ ಹಿಡಿದುದಲ್ಲ.

ನಮ್ಮ ಸೀಮೆಗೆ ಇದರಲ್ಲಿ ಹಳೆಯ ಪಾಠವೊಂದಿದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಂದಾಯದ ಶಿಸ್ತನ್ನು ನಿಗದಿಮಾಡುವ ಮೊದಲು, ಆಯ್ದ ಭೂಮಿಗಳಲ್ಲಿ 12 ವರ್ಷ ಬೇಸಾಯ ಮಾಡಿಸಿ ಖರ್ಚು, ಇಳುವರಿಗಳ ಲೆಕ್ಕ ಇಡಿಸಿದನೆಂದು ಪ್ರತೀತಿ. ಉತ್ತಮದಿಂದ ಅಧಮಾಧಮದವರೆಗೆ ಮಣ್ಣನ್ನು ಐದು ತರಗತಿ ಮಾಡಿದನು. ಮಣ್ಣಿಗೇ ಇಷ್ಟು ತಾಳ್ಮೆ ತೋರಿದ ನಾಡಿನಲ್ಲಿ, ಮನುಷ್ಯನ ಯೋಗ್ಯತೆಯನ್ನು ಒಂದು ವಾರದ ತರಬೇತಿಯಲ್ಲಿ ತೀರ್ಮಾನಿಸುವುದು ಎಂಥ ಅವಸರ!

ದೂರ ಹೋಗುವುದೇ ಬೇಡ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವನ್ನು ನೋಡಿರಿ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಕೈಮಗ್ಗ, ಬಣ್ಣ, ಹೊಲಿಗೆಗಳನ್ನು ಅಲ್ಲಿ ಕಲಿತರು. ಅಡಿಕೆ ಬೇಯಿಸಿ ಉಳಿಯುವ ಚೊಗರೇ ಬಟ್ಟೆಗೆ ಬಣ್ಣವಾಯಿತು. ಚೊಗರಿನ ಕೆಂಪನ್ನು ಮಲೆನಾಡಿನ ಹೆಂಗಸಿಗೆ ಪರಊರಿನವರು ಬಂದು ವಿವರಿಸಬೇಕೇ? ಆಕೆಗೆ ಗೊತ್ತಿದ್ದುದರ ಮೇಲೆಯೇ ಗೊತ್ತಿಲ್ಲದ್ದನ್ನು ಕಟ್ಟಿದರು. ಸಹಕಾರ ಸಂಘವಾದ್ದರಿಂದ ದುಡಿಯುವವಳಿಗೆ ಅದರಲ್ಲಿ ಪಾಲೂ ಇದೆ, ಮಾತೂ ಇದೆ. 2020ರ ಕೊರೋನಾ ಕಾಲದಲ್ಲಿ ಬಟ್ಟೆ ಮಾರಾಟವಾಗದೆ ಆ ಸಂಸ್ಥೆಯೂ ಸಂಕಟಕ್ಕೆ ಸಿಲುಕಿತು. ಒಳ್ಳೆಯ ಕ್ರಮಕ್ಕೆ ಕಷ್ಟ ಬರುವುದೇ ಇಲ್ಲವೆಂದು ಯಾರೂ ತಿಳಿಯಬಾರದು.

ಇನ್ನು ಬಾಂಧವ್ಯದ ಮಾತು. ವರ್ಷಕ್ಕೊಮ್ಮೆ ಊಟ ಹಾಕಿಸಿ, ಒಂದು ಶಾಲು ಹೊದಿಸಿದರೆ ಅದು ಬೆಳೆಯದು. ಕಲ್ಯಾಣದ ಅನುಭವ ಮಂಟಪದಲ್ಲಿ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ ಇವರೆಲ್ಲ ಮಂತ್ರಿಯಾದ ಬಸವಣ್ಣನವರ ಎದುರು ತಮ್ಮ ತಮ್ಮ ಕಸುಬಿನ ನುಡಿಯಲ್ಲೇ ಅನುಭಾವ ಹೇಳಿದರು. ಕಸುಬಿನ ನುಡಿಯನ್ನು ಹೊರಗಿಟ್ಟು ಒಳಗೆ ಬನ್ನಿರೆಂದು ಅವರಿಗೆ ಯಾರೂ ಹೇಳಲಿಲ್ಲ. ತುಮರಿಗೆ ಬರುವ ಮಾಲೀಕರು ಇಷ್ಟನ್ನಾದರೂ ತಿಳಿಯಬೇಕು: ಅಡಿಕೆ ಕೊಯ್ಲಿನ ದಿನಗಳಲ್ಲಿ ಹುಡುಗ ಮನೆಗೆ ಬೇಕಾಗುತ್ತಾನೆ, ಜಡಿಮಳೆಯಲ್ಲಿ ಒಳದಾರಿಯ ಹುಡುಗಿ ಹೊತ್ತಿಗೆ ಸರಿಯಾಗಿ ಬರಲಾರಳು. ಇದು ಸೋಮಾರಿತನವಲ್ಲ, ಊರಿನ ಪಂಚಾಂಗ. ಈ ಪಂಚಾಂಗ ನೋಡಿ ಕೆಲಸದ ಪಾಳಿ ಹಾಕುವವನಿಗೆ ಆಳುಗಳ ಕೊರತೆ ಬಾರದು.

ಹಾಗೆಂದು ನಮ್ಮ ಹುಡುಗರಿಗೆ ರಿಯಾಯಿತಿ ಕೇಳುವುದು ನಮ್ಮ ಉದ್ದೇಶವಲ್ಲ. ಹೇಳಿದ ಹೊತ್ತಿಗೆ ಹೋಗದೆ, ಸಂಬಳದ ದಿನ ಮಾತ್ರ ಮೊದಲು ನಿಲ್ಲುವವನಿಗೆ ಕಾಯಕದ ಹೆಸರೆತ್ತುವ ಅಧಿಕಾರವಿಲ್ಲ. ಮನೆಯ ಹಿರಿಯರು ಅದನ್ನು ಮನೆಯಲ್ಲೇ ಹೇಳಬೇಕು. ಮಾಲೀಕರಿಗೆ ಹೇಳಬೇಕಾದದ್ದನ್ನು ಗ್ರಾಮಸಭೆಯಲ್ಲಿ ಹೇಳಿರಿ. ಹೊಸ ವಸತಿಗೃಹದವರು ಪರವಾನಿಗೆಗೆ ಬಂದಾಗ, ಎಷ್ಟು ಜನರಿಗೆ ಕೆಲಸ ಕೊಡುವಿರಿ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಇಂದು ಕಸಬರಿಗೆ ಹಿಡಿಯುವ ನಮ್ಮ ಹುಡುಗಿ ಮೂರು ವರ್ಷಗಳಲ್ಲಿ ಲೆಕ್ಕದ ಮೇಜಿನ ಹಿಂದೆ ಕೂರಲು ಏನು ಕಲಿಸುವಿರಿ, ಯಾರು ಕಲಿಸುವರು ಎಂಬುದನ್ನೂ ಕೇಳಿ ಬರೆಸಿಕೊಳ್ಳಿರಿ.