ಗಾಜಿನ ಕಡಲಿಗೆ ಯಾವ ಮದ್ದು?

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಬಂಧುಗಳ ಮನೆಗೆ ಹೋಗಿದ್ದಾಗ ಹಜಾರದಲ್ಲಿ ಹೊಸದೊಂದು ಗಾಜಿನ ತೊಟ್ಟಿಯನ್ನು ಕಂಡೆ. ನೀಲಿ ಬೆಳಕು, ಉಪ್ಪುನೀರು, ಹವಳದ ತುಂಡುಗಳು, ಅವುಗಳ ನಡುವೆ ಎರಡು ಕ್ಲೌನ್ ಮೀನುಗಳು. ಅವುಗಳಲ್ಲೊಂದು ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿತ್ತು. ಮೈಗೆ ಬಿಳಿಯ ಲೋಳೆ ಕವಿದಿತ್ತು. ಮಗು ಅಳುತ್ತಿತ್ತು. ತಂದೆಯ ಕೈಯಲ್ಲಿ ಅಂಗಡಿಯಿಂದ ತಂದ ತಾಮ್ರದ ಔಷಧದ ಸೀಸೆಯಿತ್ತು.

ಆ ಸೀಸೆಯ ಹಿಂದಿರುವ ಮನೋಧರ್ಮವನ್ನು ಪ್ರಶ್ನಿಸುವುದೇ ಈ ಬರಹದ ಉದ್ದೇಶ.

ಹವಳವಿರುವ ತೊಟ್ಟಿಗೆ ತಾಮ್ರವನ್ನು ಸುರಿದರೆ ಹವಳ, ಸಿಗಡಿ, ಶಂಖದ ಹುಳುಗಳೆಲ್ಲ ಸಾಯುತ್ತವೆ. ಮೇಲಾಗಿ ಕ್ಲೌನ್ ಮೀನುಗಳನ್ನು ವಿಶೇಷವಾಗಿ ಕಾಡುವ, ದಪ್ಪ ಲೋಳೆ ತರಿಸುವ ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಗೆ ತಾಮ್ರ ನೆಚ್ಚಬಹುದಾದ ಮದ್ದಲ್ಲ. ರೋಗವಾವುದೆಂದು ತಿಳಿಯುವ ಮೊದಲೇ ಮದ್ದು ಕೊಂಡಾಗಿತ್ತು!

ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು. ಮೀನಿನ ಮಲಮೂತ್ರಗಳಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಲ್ಲಿರಬೇಕು. ಇಲ್ಲವಾದರೆ ಅದೇ ಲವಣಾಂಶ, ಅದೇ ಉಷ್ಣತೆಯ ಹೊಸ ನೀರನ್ನು ಭಾಗಶಃ ಬದಲಿಸಬೇಕು. ರೋಗಿಯನ್ನು ಬೇರೆ ತೊಟ್ಟಿಗೆ ಸಾಗಿಸಿ, ಗಾಳಿಯಾಡಿಸಿ, ಬಲ್ಲವರ ಸಲಹೆಯಂತೆ ಅಲ್ಲಿಯೇ ಚಿಕಿತ್ಸೆ ನೀಡಬೇಕು. ಹೊಸ ಮೀನನ್ನು ಕೆಲವು ವಾರ ಪ್ರತ್ಯೇಕವಾಗಿಟ್ಟಿದ್ದರೆ ಈ ಸಂಕಟವನ್ನು ಬಹುಮಟ್ಟಿಗೆ ತಪ್ಪಿಸಬಹುದಿತ್ತು. ನನ್ನ ಬಂಧುಗಳ ತೊಟ್ಟಿಗೆ ಅಂದಿಗೆ ಹದಿನೈದೇ ದಿನ. ಎರಡು ದಶಕ ಬದುಕಿದ ದಾಖಲೆಯಿರುವ ಜಾತಿಯ ಮೀನು ನಮ್ಮ ಆತುರಕ್ಕೆ ಬಲಿಯಾಗುತ್ತಿತ್ತು.

ಆದರೆ ರೋಗದ ಬೇರು ತೊಟ್ಟಿಗಿಂತ ಆಳದಲ್ಲಿದೆ. 1960ರ ದಶಕದಿಂದ ಫಿಲಿಪ್ಪೀನ್ಸ್‌ನಲ್ಲಿ, ಬಳಿಕ ಇಂಡೋನೇಷ್ಯಾದಲ್ಲಿಯೂ, ಅಲಂಕಾರಿಕ ಮೀನುಗಳನ್ನು ಹಿಡಿಯಲು ಹವಳದ ಸಂದುಗಳಿಗೆ ಸಯನೈಡ್ ಚಿಮುಕಿಸುವ ಕ್ರೌರ್ಯ ಬೆಳೆಯಿತು. ಮೀನು ಮೂರ್ಛೆ ಹೋಗುತ್ತದೆ, ಹವಳ ಸಾಯುತ್ತದೆ. ಕ್ಲೌನ್ ಮೀನನ್ನು ಮರಿಮಾಡಿಸುವ ವಿದ್ಯೆ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೂ ಕರಗತವಾಗಿದೆ. ಹೀಗಿರುವಾಗ ಕಡಲಿನಿಂದ ಕಿತ್ತು ತರುವುದೇಕೆ? ಇನ್ನು ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಯ ಸಾಲಿನಲ್ಲಿ ನಿಂತ ಜೀವಿ ಹಜಾರದ ಅಲಂಕಾರವಾದದ್ದು ಹೇಗೆಂದು ಕೇಳುವವರಾರು?

ಗುಡ್ಡದ ಜನರಾದ ನಮಗೇಕೆ ಈ ಕಡಲಿನ ಗೋಳು ಎನ್ನಬೇಡಿ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲೆಲ್ಲಿಯೂ ಸಹಜವಾಗಿ ಕಾಣದ, ಕೆಂಪು ಗೆರೆಯ ಮೀನೊಂದಿದೆ. 'ಮಿಸ್ ಕೇರಳ' ಎಂಬ ಹೆಸರಿನಿಂದ ಅದು ಹೊರದೇಶಗಳ ತೊಟ್ಟಿಗಳಿಗೆ ಮಾರಾಟವಾಯಿತು. ಇಂದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹವಳದ ದಿಬ್ಬಕ್ಕೆ ಕೈಹಾಕಿದ ಪೇಟೆ ನಮ್ಮ ಹಳ್ಳಕ್ಕೂ ಕೈಹಾಕಿದೆ.

ತೊಟ್ಟಿಯಿಂದ ಮಕ್ಕಳಲ್ಲಿ ಜೀವಪ್ರೀತಿ ಬೆಳೆಯುತ್ತದೆಂಬ ವಾದವುಂಟು. ತಾಳ್ಮೆಯಿಂದ ನೀರನ್ನು ಅರಿತವರ ಮನೆಯಲ್ಲಿ ಅದು ನಿಜವಿರಬಹುದು. ಸತ್ತ ಮೀನಿನ ಜಾಗಕ್ಕೆ ಮರುದಿನವೇ ಇನ್ನೊಂದನ್ನು ಕೊಂಡು ತರುವ ಮನೆಯಲ್ಲಿ ಮಗು ಕಲಿಯುವುದು ಜೀವಕ್ಕೊಂದು ಬೆಲೆಚೀಟಿಯಿದೆ ಎಂಬುದನ್ನು ಮಾತ್ರ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳನ್ನು ಯಾರೂ ಗಾಜಿನೊಳಗಿಟ್ಟಿಲ್ಲ. ಆದರೂ ತಲೆಮಾರುಗಳ ಮಕ್ಕಳು ಅವುಗಳನ್ನು ಕಂಡು ಕೈಮುಗಿದಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ನಗರದ ನಿಮ್ಮ ಬಂಧುಗಳನ್ನು ಕೇಳಿ: ಈ ಮೀನು ಎಲ್ಲಿಯದು? ಈ ಹವಳ ಯಾರದು? ಈ ನೀರು ಪಕ್ವವಾಗಿದೆಯೇ? ಉತ್ತರ ದೊರೆಯದಿದ್ದರೆ ತೊಟ್ಟಿ ಖಾಲಿಯಿರಲಿ, ಕಡಲು ತುಂಬಿರಲಿ.