ಮೀಟರ್ ತೋರಿಸುವುದು ಅಂಕಿ, ತೀರ್ಪಲ್ಲ



ಈ ವಾರದ ಆರೋಗ್ಯ ಲೇಖನ ಸಕ್ಕರೆ ಕಾಯಿಲೆ ಇರುವವರಿಗೆ. ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಬೆರಳು ಚುಚ್ಚಿ, ಮೀಟರ್‌ನಲ್ಲಿ ಬಂದ ಅಂಕಿ ನೋಡಿ ಇಡೀ ದಿನ ಮುಖ ಬಾಡಿಸಿಕೊಂಡು ಕೂರುವವರಿಗೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಓದಿ ಹೇಳಿ.

ನಮ್ಮ ಘಾಜಿಯಾಬಾದ್‌ನಲ್ಲಿ, ವೈಶಾಲಿ ಕಡೆ, ನನ್ನ ಗೆಳೆಯರೊಬ್ಬರಿದ್ದಾರೆ. ದಾವಣಗೆರೆಯವರು, ವಯಸ್ಸು ಐವತ್ತೆಂಟು. ಟೈಪ್ 2 ಡಯಾಬಿಟಿಸ್ ಬಂದು ಆರು ವರ್ಷ. ಮಗಳು ಬೆಂಗಳೂರಿನಲ್ಲಿ. ಅವಳು ದಿನಾ ಬೆಳಿಗ್ಗೆ ಫೋನ್ ಮಾಡಿ ಮೊದಲು ಕೇಳುವುದು, "ಅಪ್ಪಾ, ಇವತ್ತು ಎಷ್ಟು ಬಂತು?"

ಕಳೆದ ಜೂನ್‌ನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ನನಗೆ ಮೀಟರ್ ಫೋಟೋ ಕಳಿಸಿದರು. 168. ಐದು ನಿಮಿಷ ಬಿಟ್ಟು ಇನ್ನೊಂದು, 151. ಮತ್ತೆ ಇನ್ನೊಂದು, 174. "ಏನ್ರೀ ಇದು, ನನ್ನ ಕಥೆ ಮುಗೀತು" ಅಂತ ಸಂದೇಶ. ನಾನು ಎದ್ದು ನೋಡುವಷ್ಟರಲ್ಲಿ ಎಂಟಾಗಿತ್ತು. ಅಷ್ಟರಲ್ಲಿ ಅವರು ತಿಂಡಿ ಬಿಟ್ಟಿದ್ದರು, ಯಾರೋ ಫಾರ್ವರ್ಡ್ ಮಾಡಿದ್ದ ಹಾಗಲಕಾಯಿ ರಸ ಕುಡಿದಿದ್ದರು, ಡಾಕ್ಟರ್ ಬರೆದುಕೊಟ್ಟಿದ್ದಕ್ಕಿಂತ ಒಂದು ಮಾತ್ರೆ ಹೆಚ್ಚು ನುಂಗಿದ್ದರು. ಅದು ಗ್ಲಿಮಿಪಿರೈಡ್ ಇರುವ ಮಾತ್ರೆ, ಊಟ ಮಾಡದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತದೆ.

ಹನ್ನೊಂದು ಗಂಟೆಗೆ ವೈಶಾಲಿ ಮೆಟ್ರೋ ಸ್ಟೇಷನ್ ಹೊರಗೆ ಮೈಯೆಲ್ಲಾ ಬೆವರು, ಕೈ ನಡುಕ, ಕಣ್ಣು ಮಂಜು. ಅಲ್ಲೇ ಕುಸಿದು ಕೂತರು. ಪಕ್ಕದಲ್ಲಿ ಶಿಕಂಜಿ ಗಾಡಿಯ ಹುಡುಗ ಇದ್ದ. ಅವನಿಗೆ ಏನು ಹೊಳೆಯಿತೋ, ಸಕ್ಕರೆ ಹಾಕಿದ ಶಿಕಂಜಿ ಎರಡು ಲೋಟ ಕುಡಿಸಿದ. ಮನೆಗೆ ಬಂದು ನೋಡಿದಾಗ 82. ಎರಡು ಲೋಟ ಕುಡಿದ ಮೇಲೆ 82 ಅಂದರೆ ಕುಡಿಯುವ ಮುಂಚೆ ಎಷ್ಟಿತ್ತೋ, ನೀವೇ ಯೋಚಿಸಿ.

ಆ ದಿನ ಅವರನ್ನು ಕೆಡವಿದ್ದು 168 ಅಲ್ಲ, 168ರ ಭಯ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

*1. ಮೂರು ಸಲ ಚುಚ್ಚಿದರೆ ಮೂರು ಅಂಕಿ ಯಾಕೆ?*

ಮನೆಯ ಮೀಟರ್ ಚಿನ್ನ ತೂಗುವ ತಕ್ಕಡಿ ಅಲ್ಲ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಸಕ್ಕರೆ 100 ಅಥವಾ ಅದಕ್ಕಿಂತ ಹೆಚ್ಚಿರುವಾಗ ಮೀಟರ್ ಲ್ಯಾಬ್ ಅಂಕಿಗಿಂತ ಶೇಕಡಾ 15ರಷ್ಟು ಆಚೀಚೆ ತೋರಿಸಬಹುದು. ನಿಜವಾದ ಸಕ್ಕರೆ 160 ಇದ್ದರೆ ಮೀಟರ್ 136 ತೋರಿಸಿದರೂ ಸರಿ, 184 ತೋರಿಸಿದರೂ ಸರಿ. 151, 168, 174 ಮೂರೂ ಒಂದೇ ಮಾತು!

ಇದರ ಮೇಲೆ ನಮ್ಮ ತಪ್ಪುಗಳು ಬೇರೆ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿದರೆ ಬೆರಳಿನ ಮೇಲಿನ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿನ ಬಿಸಿಲಲ್ಲಿ ಸ್ಟ್ರಿಪ್ ಡಬ್ಬಿಯನ್ನು ಕಿಟಕಿ ಪಕ್ಕ ಇಟ್ಟರೆ ಅಥವಾ ಮುಚ್ಚಳ ಸರಿಯಾಗಿ ಹಾಕದಿದ್ದರೆ ಸ್ಟ್ರಿಪ್ ಕೆಡುತ್ತದೆ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಬೆರಳ ತುದಿಗೆ ಬದಲು ಪಕ್ಕಕ್ಕೆ ಚುಚ್ಚಿ. ಸ್ಟ್ರಿಪ್‌ನ ಎಕ್ಸ್‌ಪೈರಿ ದಿನಾಂಕ ನೋಡಿ.

*2. ಸರಾಸರಿ ಅಂದರೆ ಏನು?*

ನನ್ನ ಗೆಳೆಯರ ಎಚ್‌ಬಿಎ1ಸಿ 7.2. ಡಾಕ್ಟರ್ "ಬಢಿಯಾ ಹೈ" ಅಂದಿದ್ದರು. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅಂದಾಜು ಕೊಡುತ್ತದೆ. 7 ಅಂದರೆ ಸರಾಸರಿ ಸುಮಾರು 154, 7.2 ಅಂದರೆ ಸುಮಾರು 160, 8 ಅಂದರೆ ಸುಮಾರು 183.

ಸರಾಸರಿಯೇ 160 ಇರುವವರಿಗೆ ಕೆಲವು ಸಲ 120, ಕೆಲವು ಸಲ 200 ಬರಲೇಬೇಕಲ್ಲವೇ? ಇಲ್ಲದಿದ್ದರೆ ಅದು ಸರಾಸರಿ ಹೇಗಾಗುತ್ತದೆ! ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗ ಒಂದು ವಿಷಯದಲ್ಲಿ ಕಡಿಮೆ ಅಂಕ ಬಂತು ಅಂತ ಊಟ ಬಿಟ್ಟ ಹಾಗಾಯಿತು.

ಹಾಗಂತ ಬೆಳಿಗ್ಗೆ 168 ಬಂದರೆ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಇರಬೇಕು ಅನ್ನುತ್ತಾರೆ. ವಾರವಿಡೀ 160ರ ಮೇಲೇ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಅವರು ಔಷಧಿ ಬದಲಿಸಬಹುದು. ಬದಲಿಸುವವರು ಅವರು, ನೀವಲ್ಲ.

*3. ರಾತ್ರಿ ಏನೂ ತಿಂದಿಲ್ಲ, ಬೆಳಿಗ್ಗೆ ಏರಿದ್ದು ಹೇಗೆ?*

ಇದು ಎಲ್ಲರೂ ಕೇಳುವ ಪ್ರಶ್ನೆ. ಬೆಳಗಿನ ಜಾವ ನಮ್ಮನ್ನು ಎಬ್ಬಿಸಲು ದೇಹ ಕೆಲವು ಹಾರ್ಮೋನು ಬಿಡುತ್ತದೆ. ಅವು ಲಿವರ್‌ಗೆ "ಸಕ್ಕರೆ ಹೊರಗೆ ಬಿಡು" ಅನ್ನುತ್ತವೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ, ನಮ್ಮಲ್ಲಿ ಪೂರ್ತಿ ಆಗುವುದಿಲ್ಲ. ನಿದ್ದೆಗೆಟ್ಟರೆ, ಜ್ವರ ಬಂದರೆ, ಚಿಂತೆ ಹೆಚ್ಚಾದರೆ, ಸ್ಟೀರಾಯ್ಡ್ ಔಷಧಿ ತೆಗೆದುಕೊಂಡರೂ ಏರುತ್ತದೆ. ನವೆಂಬರ್‌ನಲ್ಲಿ ಹೊಗೆ ಕವಿದು ವಾಕಿಂಗ್ ನಿಂತಾಗ ಏರುವುದು ಇಲ್ಲಿರುವ ನಮಗೆಲ್ಲ ಗೊತ್ತೇ ಇದೆ. ಎಲ್ಲವೂ ನಿಮ್ಮ ನಾಲಿಗೆಯ ತಪ್ಪಲ್ಲ.

*4. ಕಡಿಮೆ ಆದಷ್ಟೂ ಒಳ್ಳೆಯದಾ?*

ಅಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಟೈಪ್ 2 ರೋಗಿಗಳ ಮೇಲೆ ಅಕಾರ್ಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಹೃದಯದ ತೊಂದರೆಯ ಅಪಾಯ ಹೆಚ್ಚಿದ್ದ ಅವರಲ್ಲಿ ಒಂದು ಗುಂಪಿನವರ ಎಚ್‌ಬಿಎ1ಸಿಯನ್ನು ಬಿಗಿ ಚಿಕಿತ್ಸೆಯಿಂದ 6ಕ್ಕಿಂತ ಕೆಳಗೆ ತರಲು ನೋಡಿದರು. ಆ ಗುಂಪಿನಲ್ಲೇ ಸಾವು ಹೆಚ್ಚಾಗಿದ್ದರಿಂದ 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅದಕ್ಕೇ ಹಿರಿಯರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರುಗಳು ಗುರಿಯನ್ನು ಸ್ವಲ್ಪ ಸಡಿಲ ಇಡುತ್ತಾರೆ. ಪಕ್ಕದ ಮನೆಯವರ ಅಂಕಿಗೆ ನಿಮ್ಮ ಅಂಕಿ ಹೋಲಿಸಬೇಡಿ.

*5. ನಿಜಕ್ಕೂ ಎಚ್ಚರ ಬೇಕಾದದ್ದು ಯಾವಾಗ?*

👉 70ಕ್ಕಿಂತ ಕಡಿಮೆ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಮತ್ತೊಮ್ಮೆ. ಆಮೇಲೆ ಊಟ ಮಾಡಿ. ಮಾತ್ರೆಯ ಪ್ರಭಾವದಿಂದ ಮತ್ತೆ ಇಳಿಯಬಹುದು, ಆ ದಿನ ಒಬ್ಬರೇ ಇರಬೇಡಿ, ಡಾಕ್ಟರಿಗೆ ತಿಳಿಸಿ.

👉 ಎರಡು ಮೂರು ದಿನ ಬಿಡದೆ 250ರ ಮೇಲೆ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ.

👉 300ರ ಮೇಲಿದ್ದು ಜೊತೆಗೆ ವಾಂತಿ, ಜ್ವರ, ವಿಪರೀತ ಬಾಯಾರಿಕೆ, ಮಂಪರು ಇದ್ದರೆ ಕೂಡಲೇ ಆಸ್ಪತ್ರೆಗೆ.

👉 ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ನಮ್ಮೂರಿನಂತೆ ಇಲ್ಲೂ ಆಂಬುಲೆನ್ಸ್ ನಂಬರ್ 108.

*6. ಹಾಗಾದರೆ ಏನು ಮಾಡಬೇಕು?*

ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರ್ ಹೇಳಿದಷ್ಟು ಸಲ ನೋಡಲೇಬೇಕು. ಮಾತ್ರೆಯಲ್ಲಿ ಇರುವವರು ದಿನಕ್ಕೆ ಐದು ಸಲ ಚುಚ್ಚಿಕೊಂಡು ಕಂಗಾಲಾಗುವ ಬದಲು ವಾರಕ್ಕೆ ಎರಡು ಮೂರು ಸಲ ಅರ್ಥವಿರುವಂತೆ ನೋಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಒಂದು ದಿನ ಚಿತ್ರಾನ್ನದ ಮುಂಚೆ, ತಿಂದ ಎರಡು ಗಂಟೆಗೆ ಮತ್ತೆ. ಇನ್ನೊಂದು ದಿನ ಮುದ್ದೆಗೆ ಹಾಗೇ ಮಾಡಿ. ಊರಿಂದ ತಂದ ರಾಗಿ ಹಿಟ್ಟು ಅಂತ ಎರಡು ಮುದ್ದೆ ಉಂಡರೆ ಅದೂ ಸಕ್ಕರೆ ಏರಿಸುತ್ತದೆ. ಮೀಟರ್ ಇರುವುದು ಇಂಥದ್ದನ್ನು ತಿಳಿಸುವುದಕ್ಕೆ.

ಒಂದು ನೋಟ್‌ಬುಕ್ ಇಡಿ. ತಾರೀಖು, ಸಮಯ, ಅಂಕಿ, ಏನು ತಿಂದಿರಿ. ಇಲ್ಲಿನ ಡಾಕ್ಟರ ಹಿಂದಿ ಪೂರ್ತಿ ಅರ್ಥವಾಗದೆ ತಲೆಯಾಡಿಸಿ ಬರುವವರು ನಮ್ಮಲ್ಲಿ ಬಹಳ ಮಂದಿ. ಅಂಕಿಗಳಿಗೆ ಭಾಷೆ ಬೇಕಿಲ್ಲ, ಪುಸ್ತಕ ಮುಂದಿಡಿ. "ಖಾಲಿ ಪೇಟ್" ಅಂದರೆ ಖಾಲಿ ಹೊಟ್ಟೆ, "ಖಾನೇ ಕೇ ದೋ ಘಂಟೇ ಬಾದ್" ಅಂದರೆ ಊಟವಾಗಿ ಎರಡು ಗಂಟೆಗೆ. ಇವೆರಡು ಕಲಿತರೆ ಅರ್ಧ ಕೆಲಸ ಆಯಿತು.

ಊರಲ್ಲಿರುವ ಮಕ್ಕಳಿಗೂ ಒಂದು ಮಾತು. "ಎಷ್ಟು ಬಂತು?" ಅಂತ ಕೇಳುವ ಮುಂಚೆ "ತಿಂಡಿ ಆಯ್ತಾ? ನಿದ್ದೆ ಬಂತಾ?" ಅಂತ ಕೇಳಿ.

ನನ್ನ ಗೆಳೆಯರು ಈಗ ಮಂಗಳವಾರ, ಶನಿವಾರ ಮಾತ್ರ ನೋಡುತ್ತಾರೆ. ಜೇಬಲ್ಲಿ ಯಾವಾಗಲೂ ಒಂದು ಗ್ಲೂಕೋಸ್ ಪುಡಿ ಪೊಟ್ಟಣ. ಮೊನ್ನೆ 171 ಬಂತಂತೆ. ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ "ನಿನ್ನೆ ಮದುವೆ ಊಟ" ಅಂತ ಗುರುತು ಹಾಕಿ, ಎರಡು ಇಡ್ಲಿ ತಿಂದು ವಾಕಿಂಗ್ ಹೋದರಂತೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ನೀವು ಒಬ್ಬರೇ ಅಲ್ಲ. ಮಾತ್ರೆ ತಪ್ಪಿಸಬೇಡಿ, ನೀವಾಗಿಯೇ ಹೆಚ್ಚಿಸಬೇಡಿ, ಊಟ ಬಿಡಬೇಡಿ.

ಹೆದರುವವರು ಯಾರಾದರೂ ನೆನಪಾದರೆ ಅವರಿಗೆ ಇದನ್ನು ಕಳಿಸಿ. ಮುಂದಿನ ವಾರ ಪಾದಗಳ ಆರೈಕೆ ಬಗ್ಗೆ ಮಾತಾಡೋಣ.

ಎಲ್ಲರಿಗೂ ಆರೋಗ್ಯವಿರಲಿ. 🌼