ಕೈಕಸುಬೂ ‘ಜಾಬ್’ ಅಲ್ಲವೇ?

‘ಡಿಗ್ರಿ ಓದಿ ಮರ ಕೆತ್ತೋದಾ?’ ಬಡಗಿ ಕೆಲಸ ಕಲಿಯುತ್ತೇನೆ ಎನ್ನುವ ಹುಡುಗ, ಹುಡುಗಿಯರಿಗೆ ನಮ್ಮ ಮಂಡಿಕಲ್ ಕಡೆ ಮೊದಲು ಎದುರಾಗುವ ಪ್ರಶ್ನೆ ಇದು. ಬೆಂಗಳೂರಿನ ಕಂಪನಿಯೊಂದರಲ್ಲಿ ಗುತ್ತಿಗೆಗೆ ದುಡಿದರೆ ಅದು ‘ಜಾಬ್’. ಊರಲ್ಲೇ ಇದ್ದು ಮಂಚ, ತೊಟ್ಟಿಲು ಮಾಡಿದರೆ ‘ಏನೋ ಮಾಡ್ಕೊಂಡಿದಾನೆ’. ಈ ಲೆಕ್ಕಾಚಾರ ಬದಲಾಗಬೇಕು.

ದೊಡ್ಡ ಶಿಲ್ಪಗಳನ್ನು ನೋಡುವ ಆಸೆ ನಮ್ಮ ಜನಕ್ಕೆ ಕಡಿಮೆಯೇನಿಲ್ಲ. ಚಿಕ್ಕಬಳ್ಳಾಪುರದ ಆವಲಗುರ್ಕಿ ಬಳಿ 2023ರ ಜನವರಿಯಲ್ಲಿ ಅನಾವರಣಗೊಂಡ 112 ಅಡಿಯ ಆದಿಯೋಗಿ ಪ್ರತಿಮೆ ನೋಡಲು ಬರುವ ವಾಹನಗಳೇ ಇದಕ್ಕೆ ಸಾಕ್ಷಿ. ಆದರೆ ಶಿಲ್ಪವೆಂದರೆ ದೂರದಿಂದ ನೋಡಿ ಕೈಮುಗಿಯುವಂಥದ್ದೇ ಆಗಬೇಕಿಲ್ಲ. ಹಾವೇರಿ ಜಿಲ್ಲೆ ಶಿಗ್ಗಾವಿ ಸಮೀಪದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ರೈತರು, ದನಕರುಗಳು, ಹಳ್ಳಿಯ ಮನೆಮಂದಿ ಆಳೆತ್ತರದ ಸಿಮೆಂಟ್ ಶಿಲ್ಪಗಳಾಗಿ ನಿಂತಿದ್ದಾರೆ. ಕಬ್ಬಿಣದ ಸರಳು, ಜಾಲರಿ, ಗಾರೆ – ಮನೆ ಕಟ್ಟುವವರಿಗೆ ಗೊತ್ತಿರುವ ಸಾಮಗ್ರಿಗಳಿಂದಲೇ ಇಂಥ ಶಿಲ್ಪ ಮೂಡುತ್ತದೆ.

ಇನ್ನೊಂದು ಉದಾಹರಣೆ ಬೆಂಗಳೂರಿನದು. ಐಐಟಿ ಖರಗ್‌ಪುರದಲ್ಲಿ ಆರ್ಕಿಟೆಕ್ಚರ್ ಓದಿದ ಪೂಜಾ ರೈ ಕಟ್ಟಿದ ‘ಆಂಟ್‌ಹಿಲ್ ಕ್ರಿಯೇಷನ್ಸ್’ ತಂಡ ಬಿಸಾಡಿದ ಟೈರ್‌ಗಳನ್ನು ತೊಳೆದು, ಬಣ್ಣ ಬಳಿದು, ಬೋಲ್ಟ್ ಬಿಗಿದು ಶಾಲೆಗಳಲ್ಲಿ ಆಟದ ಅಂಗಳ ನಿರ್ಮಿಸುತ್ತಿದೆ. ಮಕ್ಕಳು ಹತ್ತಿ, ಜೋತು ಬಿದ್ದು, ನುಸುಳಿ ಆಡುವ ಈ ಆಕೃತಿಗಳೂ ಶಿಲ್ಪಗಳೇ. ಡಿಗ್ರಿ ಓದಿದವರು ಕೈ ಕೊಳೆ ಮಾಡಿಕೊಂಡರೆ ಓದು ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ನಮ್ಮ ಜಿಲ್ಲೆಯಲ್ಲಿ ಕೈಚಳಕಕ್ಕೆ ಬರವಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿರುವ ಬಿದಿರಿನ ಚಂದ್ರಿಕೆಯನ್ನೇ ನೋಡಿ. ಸುರುಳಿ ಸುರುಳಿಯಾಗಿ ಸುತ್ತಿದ ಆ ದಬ್ಬೆಗಳ ಸಾಲು ಯಾವ ಗ್ಯಾಲರಿಯ ಕಲಾಕೃತಿಗೂ ಕಡಿಮೆಯಿಲ್ಲ. ಆ ಜಾಗಕ್ಕೂ ಈಗ ಪ್ಲಾಸ್ಟಿಕ್ ಬಂದಿದೆ. ಶಾಲೆ, ಅಂಗನವಾಡಿಗಳಿಗೂ ಕಾರ್ಖಾನೆಯ ಕುರ್ಚಿ, ಕಾರ್ಖಾನೆಯ ಜಾರುಬಂಡೆ. ಅದೇ ಹಣದಲ್ಲಿ ಒಂದು ಪಾಲು ಊರಿನ ಬಡಗಿ, ಮೇದಾರ, ಗಾರೆ ಮೇಸ್ತ್ರಿಗೆ ಸಿಕ್ಕರೆ, ಅವರ ಜತೆ ಕಲಿಯುವ ಇಬ್ಬರು ಯುವಕರಿಗೂ ದಾರಿಯಾಗುತ್ತದೆ. ಕುರ್ಚಿಯ ಕಾಲು ಮುರಿದರೆ ರಿಪೇರಿಗೂ ಅವರೇ ಸಿಗುತ್ತಾರೆ.

ಕೈಯಲ್ಲಿ ಮಾಡಿದ್ದು ದುಬಾರಿ, ಆದಾಯ ಅನಿಶ್ಚಿತ ಎಂಬ ಮಾತು ಸುಳ್ಳಲ್ಲ. ಮರ ಚೆನ್ನಾಗಿ ಒಣಗುವವರೆಗೆ ಕಾಯಬೇಕು. ಕಾಯದಿದ್ದರೆ ಬಾಗಿಲು ಬಾಗುತ್ತದೆ, ಬೆಸುಗೆ ಬಿಡುತ್ತದೆ. ಮಕ್ಕಳು ಹತ್ತುವ ಶಿಲ್ಪವಾದರೆ ಚೂಪು ಅಂಚು ಉಳಿಯದಂತೆ, ಭಾರ ತಡೆಯುವಂತೆ ಲೆಕ್ಕ ಹಾಕಬೇಕು. ಅದಕ್ಕೇ ಓದಿದವರು ಇಲ್ಲಿಗೆ ಬರಬೇಕು ಅನ್ನುವುದು. ಅಳತೆ, ವಿನ್ಯಾಸ, ಖರ್ಚಿನ ಲೆಕ್ಕ, ಮೊಬೈಲ್‌ನಲ್ಲೇ ಗಿರಾಕಿ ಹುಡುಕುವ ಜಾಣ್ಮೆ ನಮ್ಮದು. ಮರದ ಗುಣ, ಉಳಿಯ ಹಿಡಿತ ಹಿರಿಯರದು. ಎರಡೂ ಸೇರಿದರೆ ಕಸುಬು ಉದ್ಯಮವಾಗುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಶಿಲ್ಪಿ, ಗೊಂಬೆ ತಯಾರಕರೂ ಸೇರಿ 18 ಕಸುಬುಗಳಿವೆ. ತರಬೇತಿ ವೇಳೆ ದಿನಕ್ಕೆ ₹500 ಭತ್ಯೆ, ಸಲಕರಣೆಗೆ ₹15,000, ಎರಡು ಕಂತುಗಳಲ್ಲಿ ₹3 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ ಸಿಗುತ್ತದೆ. ಆದರೆ ಇದು ಈಗಾಗಲೇ ಕಸುಬಿನಲ್ಲಿರುವವರಿಗೆ. ಹೊಸದಾಗಿ ಕಲಿಯುವವರಿಗೆ ಬಿಡದಿ ಬಳಿಯ ಜೋಗರದೊಡ್ಡಿ, ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕ್ ನೆರವಿನ ಕುಶಲಕರ್ಮಿ ತರಬೇತಿ ಕೇಂದ್ರಗಳಿವೆ. ಅಂಥದ್ದೊಂದು ನಮ್ಮ ಜಿಲ್ಲೆಗೂ ಏಕೆ ಬರಬಾರದು?

ಕೇಂದ್ರ ಬರುವವರೆಗೆ ಕಾಯಬೇಕಿಲ್ಲ. ನಿಮ್ಮೂರಿನ ಮರಗೆಲಸದ ಶೆಡ್‌ನ ಬಾಗಿಲು ತೆರೆದೇ ಇರುತ್ತದೆ. ಈ ರಜೆಯಲ್ಲಿ ಒಮ್ಮೆ ಒಳಗೆ ಹೋಗಿ, ‘ಅಣ್ಣಾ, ನನಗೂ ಕಲಿಸಿ’ ಅನ್ನಿ. ಗ್ರಾಮಸಭೆ ನಡೆದಾಗ ಎದ್ದು ನಿಂತು, ‘ನಮ್ಮ ಶಾಲೆಯ ಬೆಂಚು ನಮ್ಮೂರಲ್ಲೇ ಆಗಲಿ’ ಎಂದು ಕೇಳಿ. ಕೇಳುವವರು ನಾಲ್ಕು ಜನರಾದರೆ ಪಂಚಾಯಿತಿಯೂ ಯೋಚಿಸಬೇಕಾಗುತ್ತದೆ.